ಮತ್ಸ್ಯನ್ಯಾಯವೂ ಕಡಲಿನ ಲೆಕ್ಕವೂ

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದು ಲೋಕದ ರೂಢಿ ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಬಲ್ಲಿದನು ಬಡವನ ಹೊಲದ ಬದುವನ್ನು ಒತ್ತಿದಾಗ, ದೊಡ್ಡ ಅಂಗಡಿ ಬಂದು ಚಿಕ್ಕ ಅಂಗಡಿಯ ಬಾಗಿಲು ಮುಚ್ಚಿದಾಗ, ಶಾಲೆಯ ಅಂಗಳದಲ್ಲಿ ದೊಡ್ಡ ಹುಡುಗನು ಸಣ್ಣವನ ಕೈಯೊಳಗಿನ ತಿಂಡಿಯನ್ನು ಕಸಿದುಕೊಂಡಾಗ ನಾವು ಈ ಮಾತನ್ನು ಆಡಿ, ನಿಟ್ಟುಸಿರು ಬಿಟ್ಟು, ಸುಮ್ಮನಾಗುತ್ತೇವೆ. ಪ್ರಾಚೀನರು ಇದನ್ನು ಮತ್ಸ್ಯನ್ಯಾಯವೆಂದು ಕರೆದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಮಹಾಭಾರತದ ಶಾಂತಿಪರ್ವದಲ್ಲಿಯೂ ಈ ಕಲ್ಪನೆ ಬರುತ್ತದೆ. ಆದರೆ ಅವರು ಅದನ್ನು ಹೇಳಿದುದು ಅಂಥ ಸ್ಥಿತಿ ಮನುಷ್ಯರಲ್ಲಿ ಬಾರದಿರಲೆಂದು. ಅರಸನೂ ದಂಡನೀತಿಯೂ ಏಕೆ ಬೇಕೆಂಬುದನ್ನು ತೋರಿಸುವುದಕ್ಕಾಗಿ. ನಾವಾದರೋ ಎಚ್ಚರಿಕೆಯ ಮಾತನ್ನು ಸಮಾಧಾನದ ಮಾತಾಗಿ ಮಾಡಿಕೊಂಡಿದ್ದೇವೆ. ಮೀನುಗಳಲ್ಲಿಯೇ ಹೀಗಿರುವಾಗ ಮನುಷ್ಯರಲ್ಲಿ ಬೇರೆ ಹೇಗಿದ್ದೀತು ಎಂಬುದು ನಮ್ಮ ವಾದ. ಸಮುದ್ರವನ್ನು ಹೀಗೆ ಸಾಕ್ಷಿಗೆ ಕರೆದ ಮೇಲೆ ಅದರ ಹೇಳಿಕೆಯನ್ನೂ ಪೂರ್ತಿಯಾಗಿ ಕೇಳುವುದು ನ್ಯಾಯವಲ್ಲವೆ?

ಸಮುದ್ರದ ವಿಷಯವನ್ನು ನಾವು ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಮ್ಮ ಆದವಾನಿಯಿಂದ ಪಡುವಣ ಕಡಲು ಎಷ್ಟು ದೂರವೋ ಮೂಡಣ ಕಡಲೂ ಹೆಚ್ಚುಕಡಿಮೆ ಅಷ್ಟೇ ದೂರ; ಎತ್ತ ಹೋದರೂ ಮುನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ನಾವಾಡುವ ಭಾಷೆ ಪಡುವಣ ಕಡಲಿನವರೆಗೆ ಹಬ್ಬಿದ ನಾಡಿನದು. ೧೯೫೩ರ ಅಕ್ಟೋಬರ್ ೧ರಿಂದ ನಾವಿರುವ ರಾಜ್ಯ ಮೂಡಣ ಕಡಲಿನದು. ಎರಡು ಕಡಲುಗಳ ನಡುವಿನ ಕಪ್ಪು ನೆಲದಲ್ಲಿ ಹತ್ತಿ, ಜೋಳ, ಕಡಲೆಕಾಯಿಗಳನ್ನು ನೋಡುತ್ತ ಬೆಳೆದ ನಮ್ಮ ಮಕ್ಕಳಲ್ಲಿ ಅಲೆಯನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು. ಆದರೂ ಪಾಠದಲ್ಲಿ ಕಡಲು ಬರುತ್ತದೆ, ಅದನ್ನು ನಾವು ಹೇಳಿಕೊಡಬೇಕಾಗುತ್ತದೆ.

ಹೀಗೆಯೇ ಒಂದು ದಿನ ಆಹಾರ ಸರಪಳಿಯ ಪಾಠ ನಡೆಯುತ್ತಿತ್ತು. ಕಪ್ಪು ಹಲಗೆಯ ಮೇಲೆ ನಾವು ಒಂದು ಏಣಿಯನ್ನು ಬರೆದೆವು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಕಣ್ಣಿಗೆ ಕಾಣದ ಕಡಲ ಸಸ್ಯ, ಅದರ ಮೇಲೆ ಚಿಕ್ಕ ಮೀನು, ಅದರ ಮೇಲೆ ದೊಡ್ಡ ಮೀನು, ತುದಿಯಲ್ಲಿ ಮನುಷ್ಯ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, ಎಲ್ಲಕ್ಕಿಂತ ಕೆಳಗಿರುವುದು ಯಾರನ್ನು ತಿನ್ನುತ್ತದೆ ಎಂದು ಕೇಳಿದಳು. ಅದು ಯಾರನ್ನೂ ತಿನ್ನುವುದಿಲ್ಲ, ಬಿಸಿಲಿನಿಂದ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುತ್ತದೆ ಎಂದು ನಾವು ಹೇಳಿದೆವು. ಅವಳು ಸ್ವಲ್ಪ ಹೊತ್ತು ಹಲಗೆಯನ್ನು ನೋಡಿ, “ಹಾಗಾದರೆ ಎಲ್ಲರಿಗೂ ಅನ್ನ ಹಾಕುವುದು ಅದೇ ಅಲ್ಲವೆ? ಅದನ್ನೇಕೆ ಎಲ್ಲರಿಗಿಂತ ಕೆಳಗೆ ಬರೆದಿರಿ?” ಎಂದಳು. ಪುಸ್ತಕದಲ್ಲಿ ಹಾಗಿದೆ ಎಂಬುದಲ್ಲದೆ ಬೇರೆ ಉತ್ತರ ಆಗ ನಮಗೆ ಹೊಳೆಯಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಕಡಲಿನ ಲೆಕ್ಕವನ್ನು ನೋಡೋಣ. ಕಡಲಿನ ಹುಲ್ಲುಗಾವಲು ಕಣ್ಣಿಗೆ ಕಾಣುವಂಥದಲ್ಲ. ನೀರಿನ ಮೇಲ್ಪದರದಲ್ಲಿ, ಬಿಸಿಲು ಇಳಿಯುವಷ್ಟು ಆಳದವರೆಗೆ, ಒಂದೇ ಜೀವಕೋಶದ ಸಸ್ಯಗಳು ಕೋಟ್ಯನುಕೋಟಿಯಾಗಿ ತೇಲುತ್ತಿರುತ್ತವೆ. ಇವಕ್ಕೆ ಸಸ್ಯಪ್ಲವಕಗಳೆಂದು ಹೆಸರು. ಇವುಗಳಲ್ಲಿ ಡಯಾಟಮ್ ಎಂಬುದು ಗಾಜಿನಂಥ ಸಿಲಿಕಾ ಚಿಪ್ಪಿನೊಳಗೆ ವಾಸಿಸುವ ಸಸ್ಯ. ಭೂಮಂಡಲದಲ್ಲಿ ಬಿಸಿಲು ಆಹಾರವಾಗಿ ಮಾರ್ಪಡುವ ಕೆಲಸದಲ್ಲಿ ಹೆಚ್ಚುಕಡಿಮೆ ಅರ್ಧ ನಡೆಯುವುದು ಈ ಸೂಕ್ಷ್ಮ ಸಸ್ಯಗಳಿಂದ. ಆದರೆ ಇವೆಲ್ಲವನ್ನೂ ಕೂಡಿಸಿ ತೂಗಿದರೆ ಲೋಕದ ಒಟ್ಟು ಸಸ್ಯರಾಶಿಯಲ್ಲಿ ನೂರಕ್ಕೆ ಒಂದು ಪಾಲೂ ಆಗದು! ಇದು ಹೇಗೆ ಸಾಧ್ಯವೆಂದರೆ, ಇವು ಒಂದೆರಡು ದಿನಗಳಲ್ಲಿ ಇಮ್ಮಡಿಯಾಗುತ್ತವೆ, ಅಷ್ಟೇ ಬೇಗ ಇತರರಿಗೆ ಆಹಾರವಾಗುತ್ತವೆ. ಸಂತೆಯಲ್ಲಿ ಹೂ ಮಾರುವವಳ ಬುಟ್ಟಿ ಚಿಕ್ಕದು. ಆದರೆ ದಿನದಲ್ಲಿ ಎಷ್ಟೋ ಬಾರಿ ತುಂಬಿ ಬರಿದಾಗುತ್ತದೆ. ಬುಟ್ಟಿಯ ಗಾತ್ರವನ್ನು ನೋಡಿ ಅವಳ ದುಡಿಮೆಯನ್ನು ಅಳೆಯಬಾರದಷ್ಟೆ.

ನಮ್ಮ ಪಡುವಣ ತೀರದಲ್ಲಿ ಈ ಸಸ್ಯಗಳಿಗೆ ಸುಗ್ಗಿ ಬರುವುದು ಮಳೆಗಾಲದಲ್ಲಿ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತ ಬೀಸುವಾಗ ಕೇರಳ ಕರ್ನಾಟಕಗಳ ತೀರದುದ್ದಕ್ಕೂ ಮೇಲಿನ ನೀರು ಸರಿದು, ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಕೆಳಗೆ ಕೊಳೆತು ಸೇರಿದ ನೈಟ್ರೇಟು, ಫಾಸ್ಫೇಟು ಮೊದಲಾದ ಸತ್ತ್ವಗಳು ಅದರೊಂದಿಗೆ ಬೆಳಕಿಗೆ ಬರುತ್ತವೆ. ಹೊಲಕ್ಕೆ ಗೊಬ್ಬರ ಹಾಕಿದಂತೆಯೇ ಇದು. ಘಟ್ಟವನ್ನು ದಾಟಿ ಬಡಕಲಾಗಿ ನಮ್ಮ ಹೊಲಗಳಿಗೆ ನಾಲ್ಕು ಹನಿ ಚೆಲ್ಲುವ ಆ ಗಾಳಿಯೇ ಅಲ್ಲಿ ಕಡಲನ್ನು ಉಳುತ್ತದೆ. ಕೂಡಲೆ ಡಯಾಟಮ್‌ಗಳು ಹೆಚ್ಚುತ್ತವೆ. ಅವನ್ನು ಮೇಯುವ ಬೂತಾಯಿ ಮೀನಿನ ಹಿಂಡುಗಳು ತೀರಕ್ಕೆ ಬರುತ್ತವೆ. ಮಂಗಳೂರಿನವರು ಬೂತಾಯಿ ಎನ್ನುವುದನ್ನೇ ಕಾರವಾರದ ಕಡೆಯವರು ತಾರ್ಲೆ ಎನ್ನುತ್ತಾರೆ. ಬೂತಾಯಿಯನ್ನು ಅಂಜಲ್ ಮೊದಲಾದ ದೊಡ್ಡ ಮೀನುಗಳು ತಿನ್ನುತ್ತವೆ. ಇವೆರಡನ್ನೂ ಮನುಷ್ಯ ತಿನ್ನುತ್ತಾನೆ.

ಈ ಮೆಟ್ಟಿಲುಗಳನ್ನು ಏರುವಾಗ ಶಕ್ತಿಗೆ ಏನಾಗುತ್ತದೆ? ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ತರುಣ ವಿಜ್ಞಾನಿ ಮಿನೆಸೋಟದ ಒಂದು ಚಿಕ್ಕ ಕೆರೆಯನ್ನು ವರ್ಷಗಳ ಕಾಲ ಪರೀಕ್ಷಿಸಿ, ಆಹಾರವನ್ನು ಶಕ್ತಿಯ ಜಮಾಖರ್ಚಾಗಿ ಬರೆದು ತೋರಿಸಿದನು. ಅವನ ಲೇಖನ ಅಚ್ಚಾದುದು ೧೯೪೨ರಲ್ಲಿ. ಅದನ್ನು ನೋಡುವುದಕ್ಕೆ ಮೊದಲೇ, ಅದೇ ವರ್ಷ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅವನ ದಾರಿಯಲ್ಲಿ ನಡೆದ ಅನಂತರದವರು ಕಂಡ ಸ್ಥೂಲವಾದ ಲೆಕ್ಕ ಇದು: ಒಂದು ಮೆಟ್ಟಿಲಿನಲ್ಲಿರುವ ಶಕ್ತಿಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲಿನ ಮೆಟ್ಟಿಲಿಗೆ ಸೇರುತ್ತದೆ. ಕೆಲವು ಕಡೆ ಇದು ಹೆಚ್ಚು, ಕೆಲವು ಕಡೆ ಕಡಿಮೆ. ಹತ್ತರಲ್ಲೊಂದು ಎಂಬುದು ಸರಾಸರಿಯೇ ಹೊರತು ಕಟ್ಟಳೆಯಲ್ಲ. ಮಕ್ಕಳಿಗೆ ಹೇಳುವುದಾದರೆ ಹೀಗೆ: ಸಾವಿರ ಕಿಲೋ ಡಯಾಟಮ್‌ನಿಂದ ನೂರು ಕಿಲೋ ಬೂತಾಯಿ, ನೂರು ಕಿಲೋ ಬೂತಾಯಿಯಿಂದ ಹತ್ತು ಕಿಲೋ ಅಂಜಲ್, ಹತ್ತು ಕಿಲೋ ಅಂಜಲಿನಿಂದ ಒಂದು ಕಿಲೋ ಮನುಷ್ಯ.

ಉಳಿದ ಒಂಬತ್ತು ಪಾಲು ಎಲ್ಲಿ ಹೋಯಿತು? ಉಸಿರಾಟಕ್ಕೆ, ಈಜುವುದಕ್ಕೆ, ತಪ್ಪಿಸಿಕೊಳ್ಳುವುದಕ್ಕೆ, ಮೊಟ್ಟೆಯಿಡುವುದಕ್ಕೆ ವೆಚ್ಚವಾಗಿ, ಕಡೆಗೆ ಕಾವಾಗಿ ನೀರಿನಲ್ಲಿ ಕರಗಿತು. ತಿನ್ನದೆ ಉಳಿದುದೂ ಜೀರ್ಣವಾಗದೆ ಹೋದುದೂ ಕೆಳಗಿಳಿಯಿತು. ಹಾಗೆ ಇಳಿದುದನ್ನು ಬ್ಯಾಕ್ಟೀರಿಯಗಳು ಹಿಡಿದು, ಅದರಲ್ಲಿ ಒಂದಂಶವನ್ನು ಮತ್ತೆ ಮೇಲಕ್ಕೆ ತಳ್ಳುತ್ತವೆ. ಕಡಲಿನ ಈ ಒಳಸುತ್ತಿಗೆ ವಿಜ್ಞಾನಿಗಳು ಹೆಸರಿಟ್ಟುದು ೧೯೮೩ರಲ್ಲಿ. ಆದರೂ ಒಂದು ಭೇದವನ್ನು ನಾವು ಮರೆಯತಕ್ಕುದಲ್ಲ. ವಸ್ತು ತಿರುಗಿ ಬರುತ್ತದೆ, ಶಕ್ತಿ ತಿರುಗಿ ಬಾರದು. ಗೊಬ್ಬರ ಮರಳಿ ಹೊಲಕ್ಕೆ ಸೇರೀತು. ಬಿಸಿಲು ಮರಳಿ ಸೂರ್ಯನನ್ನು ಸೇರದು. ಆದುದರಿಂದ ಉಣ್ಣುವ ಪ್ರತಿಯೊಂದು ಜೀವಿಯೂ ತೀರಿಸಲಾಗದ ಒಂದು ಋಣದಲ್ಲಿ ಬದುಕುತ್ತದೆ. ಮೇಲೇರಿದಷ್ಟೂ ಋಣ ಹೆಚ್ಚು.

ಈಗ ಮತ್ಸ್ಯನ್ಯಾಯಕ್ಕೆ ಬರೋಣ. ಆ ಮಾತು ದೊಡ್ಡ ಮೀನನ್ನು ಒಡೆಯನನ್ನಾಗಿಯೂ ಚಿಕ್ಕ ಮೀನನ್ನು ಆಳನ್ನಾಗಿಯೂ ಕಾಣುತ್ತದೆ. ಕಡಲಿನ ಲೆಕ್ಕ ಹೇಳುವುದು ಬೇರೆ. ಅಲ್ಲಿ ದೊಡ್ಡದು ಎಂದರೆ ಅತ್ಯಂತ ಪರಾವಲಂಬಿ. ಅದರ ಒಂದು ದಿನದ ಊಟಕ್ಕೆ ಎಷ್ಟೋ ಜೀವಗಳ ಎಷ್ಟೋ ದಿನಗಳ ಬಿಸಿಲು ಬೇಕು. ಆದುದರಿಂದಲೇ ದೊಡ್ಡವು ಯಾವಾಗಲೂ ಕೆಲವೇ ಕೆಲವು. ಡಯಾಟಮ್ ಅಂಜಲನ್ನು ಬಿಟ್ಟು ಬದುಕೀತು. ಡಯಾಟಮ್ ಇಲ್ಲದೆ ಅಂಜಲ್ ಬದುಕಲಾರದು. ಮತ್ತೊಂದು ಮಾತು. ಹೊಟ್ಟೆ ತುಂಬಿದ ಅಂಜಲ್ ನಾಳೆಗೆಂದು ಬೂತಾಯಿಯನ್ನು ಉಗ್ರಾಣದಲ್ಲಿ ತುಂಬುವುದಿಲ್ಲ, ಮೊಮ್ಮಕ್ಕಳಿಗೆಂದು ಕಡಲಿಗೆ ಬೇಲಿ ಹಾಕುವುದಿಲ್ಲ. ಮನುಷ್ಯನ ದುರಾಶೆಗೆ ಮೀನಿನ ಹೆಸರಿಟ್ಟುದು ಮೀನಿಗೆ ಮಾಡಿದ ಅಪಮಾನವೆಂದೇ ನಮಗೆ ತೋರುತ್ತದೆ.

ಕೆಳಗಿನದು ಕೈಕೊಟ್ಟರೆ ಏನಾಗುವುದೆಂಬುದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ೧೯೪೦ರ ದಶಕದಲ್ಲಿ ಪಡುವಣ ತೀರದಲ್ಲಿ ಬೂತಾಯಿ ತೀರ ಕಡಿಮೆಯಾಯಿತು. ಆಗ ದಕ್ಷಿಣ ಕನ್ನಡವೂ ನಮ್ಮ ಆದವಾನಿಯನ್ನು ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಯೂ ಒಂದೇ ಮದರಾಸು ಪ್ರಾಂತದಲ್ಲಿದ್ದುವು. ೧೯೪೩ರಲ್ಲಿ ಮದರಾಸು ಸರಕಾರ ಮರಿಮೀನನ್ನೂ ಮೊಟ್ಟೆಯಿಡುವ ಮೀನನ್ನೂ ಹಿಡಿಯುವುದಕ್ಕೆ ನಿರ್ಬಂಧ ಹಾಕಬೇಕಾಯಿತು. ಮುಂದೆ ಬೂತಾಯಿ ಚೇತರಿಸಿಕೊಂಡಿತು. ನಮ್ಮ ಕಾಲದಲ್ಲಿ, ೨೦೧೨ರಲ್ಲಿ, ಕೇರಳ ಒಂದರಲ್ಲಿಯೇ ಸುಮಾರು ೩.೯ ಲಕ್ಷ ಟನ್ ಬೂತಾಯಿ ಸಿಕ್ಕಿತು. ೨೦೨೧ರಲ್ಲಿ ಸಿಕ್ಕಿದುದು ಮೂರೂವರೆ ಸಾವಿರ ಟನ್ನಿಗಿಂತಲೂ ಕಡಿಮೆ. ಕಡಲಿನ ಕಾವು, ಮಳೆಗಾಲದ ಏರುಪೇರು, ಮರಿಮೀನಿನ ಬೇಟೆ ಮೊದಲಾದ ಹಲವು ಕಾರಣಗಳನ್ನು ತಿಳಿದವರು ಹೇಳುತ್ತಾರೆ. ಕಾರಣ ಯಾವುದೇ ಇರಲಿ, ಸಿರಿವಂತರ ತಟ್ಟೆಯಲ್ಲಿ ಹೆಸರಿಲ್ಲದ ಈ ಅಂಗೈಯುದ್ದದ ಮೀನು ಬಾರದಿದ್ದಾಗ ದೋಣಿ ದಡದಲ್ಲಿ ನಿಂತಿತು, ಬುಟ್ಟಿ ಹೊತ್ತು ಮಾರುವ ಹೆಂಗಸರ ಒಲೆ ತಣ್ಣಗಾಯಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಪ್ರಕೃತಿಯಲ್ಲಿ ನ್ಯಾಯ ಅನ್ಯಾಯಗಳಿಲ್ಲ. ಅಂಜಲ್ ಪಾಪಿಯಲ್ಲ, ಡಯಾಟಮ್ ತ್ಯಾಗಿಯಲ್ಲ. ಹೀಗಿರುವಲ್ಲಿ ಕಡಲಿನಿಂದ ನೀತಿಯನ್ನು ಹೇಗೆ ತೆಗೆಯುತ್ತೀರಿ ಎಂದು ಕೇಳಬಹುದು. ಇದು ಸರಿಯಾದ ಆಕ್ಷೇಪ. ನಾವು ಕಡಲಿನಿಂದ ನೀತಿಯನ್ನು ತೆಗೆಯುತ್ತಿಲ್ಲ. ಕಡಲಿನ ಹೆಸರಿನಲ್ಲಿ ಅನೀತಿಗೆ ಸಾಕ್ಷಿ ಹೇಳಬಾರದೆಂದಷ್ಟೇ ಹೇಳುತ್ತೇವೆ. ಅಂಜಲಿಗೆ ಲೆಕ್ಕ ತಿಳಿಯದು, ಆದುದರಿಂದ ಅದಕ್ಕೆ ಹೊಣೆಯಿಲ್ಲ. ಮನುಷ್ಯನಿಗೆ ಲೆಕ್ಕ ತಿಳಿದಿದೆ. ತಿಳಿದ ಮೇಲೆ ತಿಳಿಯದವನಂತೆ ಉಣ್ಣುವುದು ಸಾಧ್ಯವಿಲ್ಲ.

ಹಾಗಾದರೆ ಮೀನು ತಿನ್ನುವುದೇ ತಪ್ಪೆ? ನಾವು ಹಾಗೆ ಹೇಳಲಾರೆವು. ಮೀನನ್ನು ಮುಟ್ಟದ ವಾಚಕರೂ ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ನಿಶ್ಚಿಂತರಾಗಬೇಕಾಗಿಲ್ಲ. ಲೆಕ್ಕ ನೆಲದಲ್ಲಿಯೂ ಇದೇ. ಜೋಳದ ರೊಟ್ಟಿಯನ್ನು ತಿನ್ನುವವನು ಬಿಸಿಲಿಗೆ ಒಂದೇ ಮೆಟ್ಟಿಲಿನ ದೂರದಲ್ಲಿದ್ದಾನೆ. ಅದೇ ಜೋಳವನ್ನು ಕೋಳಿಗೆ ಹಾಕಿ ಕೋಳಿಯನ್ನು ತಿಂದರೆ ನಡುವೆ ಒಂದು ಮೆಟ್ಟಿಲು ಹೆಚ್ಚಾಯಿತು, ಜೋಳದ ಬಹುಪಾಲು ದಾರಿಯಲ್ಲಿ ಕಳೆಯಿತು. ಆದರೆ ನಮ್ಮ ಬೆಟ್ಟದ ಮುಳ್ಳುಗಿಡವನ್ನು ಮೇಯುವ ಆಡು ಮನುಷ್ಯ ತಿನ್ನಲಾರದುದನ್ನು ತಿನ್ನುವಂಥದನ್ನಾಗಿ ಮಾಡಿಕೊಡುತ್ತದೆ. ಬೂತಾಯಿಯೂ ಹಾಗೆಯೇ. ಡಯಾಟಮ್ ಅನ್ನು ನಾವು ಬೊಗಸೆಯಲ್ಲಿ ಹಿಡಿದು ಉಣ್ಣಲಾರೆವು. ಬೂತಾಯಿ ಅದನ್ನು ಮಾಂಸವಾಗಿ ಮಾಡಿ ಬಡವನ ಮಡಕೆಗೆ ತರುತ್ತದೆ. ಈ ಮೆಟ್ಟಿಲು ಅಗತ್ಯವಾದ ಮೆಟ್ಟಿಲು. ಆದುದರಿಂದ ತಿನ್ನಬೇಕೆ ಬೇಡವೆ ಎಂಬುದು ಪ್ರಶ್ನೆಯಲ್ಲ. ಅಗತ್ಯವಿಲ್ಲದ ಮೆಟ್ಟಿಲನ್ನು ನಡುವೆ ಕಟ್ಟಬಹುದೆ, ಕಟ್ಟಿದರೆ ಅದರ ನಷ್ಟವನ್ನು ಯಾರು ಹೊರಬೇಕು ಎಂಬುದು ಪ್ರಶ್ನೆ.

ಇಂಥ ಮೆಟ್ಟಿಲೊಂದು ನಮ್ಮ ಎರಡು ಕಡಲುಗಳ ನಡುವೆಯೇ ಕಟ್ಟಲ್ಪಟ್ಟಿದೆ. ಮಂಗಳೂರು, ಉಳ್ಳಾಲ, ಮಲ್ಪೆಗಳ ಕಡೆ ಮೀನನ್ನು ಬೇಯಿಸಿ, ಎಣ್ಣೆ ಹಿಂಡಿ, ಒಣಗಿಸಿ ಪುಡಿ ಮಾಡುವ ಕಾರ್ಖಾನೆಗಳಿವೆ. ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಇಂಥ ಪುಡಿ ಸಾಕಿದ ಮೀನು ಸಿಗಡಿಗಳ ಮೇವಿಗೆ ಸೇರುತ್ತದೆ. ಸಾಕಿದ ಸಿಗಡಿಯಲ್ಲಿ ಭಾರತದಲ್ಲಿಯೇ ಮೊದಲನೆಯದು ನಮ್ಮ ಆಂಧ್ರಪ್ರದೇಶ. ೨೦೦೯ರಲ್ಲಿ ವನಾಮಿ ಎಂಬ ಹೊರದೇಶದ ಸಿಗಡಿ ಬಂದ ಮೇಲೆ ಮೂಡಣ ತೀರದ ಕೊಳಗಳು ಬಹಳವಾಗಿ ಬೆಳೆದುವು. ಆ ಸಿಗಡಿಯ ಬಹುಭಾಗ ಹಡಗನ್ನೇರಿ ಅಮೆರಿಕ ಮೊದಲಾದ ದೇಶಗಳಿಗೆ ಹೋಗುತ್ತದೆ. ಇದರಿಂದ ಸಾವಿರಾರು ಕುಟುಂಬಗಳಿಗೆ ಕೆಲಸ ಸಿಕ್ಕಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಪುಡಿಯಾಗುವುದೆಲ್ಲವೂ ಮನುಷ್ಯನ ಊಟದ್ದೂ ಅಲ್ಲ. ತಲೆ, ಕರುಳು, ಕೆಟ್ಟುಹೋದ ಮೀನು ಇವು ಪುಡಿಯಾದರೆ ಅದು ಉಳಿತಾಯವೇ ಸರಿ. ಆದರೆ ತಿನ್ನಬಲ್ಲ ಬೂತಾಯಿಯೂ, ಇನ್ನೂ ಬೆಳೆಯಬೇಕಾದ ಮರಿಯೂ ಅದೇ ಯಂತ್ರಕ್ಕೆ ಬಿದ್ದಾಗ ಲೆಕ್ಕ ಬೇರೆಯಾಗುತ್ತದೆ. ಆಗ ಬಡವನ ಮಡಕೆಯಿಂದ ಎತ್ತಿದ ಮೀನು ಮತ್ತೊಂದು ಮೆಟ್ಟಿಲನ್ನು ಹತ್ತಿ, ದಾರಿಯಲ್ಲಿ ಬಹುಪಾಲು ಕರಗಿ, ದೂರದ ತಟ್ಟೆಯಲ್ಲಿ ತುತ್ತಾಗುತ್ತದೆ. ಹಣದ ಪುಸ್ತಕದಲ್ಲಿ ಇದು ಲಾಭ; ಬಿಸಿಲಿನ ಪುಸ್ತಕದಲ್ಲಿ ನಷ್ಟ. ಎರಡು ಪುಸ್ತಕಗಳೂ ಸುಳ್ಳಲ್ಲ. ಆದರೆ ಇಂದು ನಮ್ಮ ಮುಂದೆ ಯಾವಾಗಲೂ ತೆರೆದಿರುವುದು ಮೊದಲನೆಯದೊಂದೇ.

ಹಾಗೆಂದು ನಿರಾಶರಾಗಬೇಕಾಗಿಲ್ಲ. ಪ್ರಾಚೀನರು ಮತ್ಸ್ಯನ್ಯಾಯಕ್ಕೆ ಹೇಳಿದ ಮದ್ದು ದಂಡನೀತಿ; ಎಂದರೆ ಬಲವುಳ್ಳವನ ಬಾಯಿಗೆ ಕಟ್ಟುವ ಬಿಗಿ. ಆ ಮದ್ದು ಇಂದು ಕಡಲಿನಲ್ಲಿಯೇ ಬಳಕೆಯಲ್ಲಿದೆ. ಮೂಡಣ ತೀರದಲ್ಲಿ ಏಪ್ರಿಲ್ ೧೫ರಿಂದ ಜೂನ್ ೧೪ರವರೆಗೆ, ಪಡುವಣ ತೀರದಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ, ಅರುವತ್ತೊಂದು ದಿನಗಳ ಕಾಲ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ದಿನಗೂಲಿಯ ಕೆಲಸಗಾರರಿಗೆ ಇದು ಕಷ್ಟದ ಕಾಲವೇ ಹೌದು. ಆದರೂ ಹೆಚ್ಚು ಮೀನುಗಳು ಮೊಟ್ಟೆಯಿಡುವುದಕ್ಕೂ ಮರಿಗಳು ಬೆಳೆಯುವುದಕ್ಕೂ ಇದರಿಂದ ಅವಕಾಶವಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಬಾಯಿಯೇ ಎರಡು ತಿಂಗಳು ತನ್ನನ್ನು ತಾನು ಮುಚ್ಚಿಕೊಂಡಿರುವುದು ಬೇರೆ ಯಾವ ಜೀವಿಯೂ ಮಾಡದ ಕೆಲಸ. ಮನುಷ್ಯನು ಏಣಿಯ ತುದಿಗೆ ಅರ್ಹನಾಗುವುದು ಹಿಡಿಯುವ ಬಲದಿಂದಲ್ಲ, ಹೀಗೆ ಬಿಡಬಲ್ಲ ಬುದ್ಧಿಯಿಂದ.

ಮರಳಿ ನಮ್ಮ ತರಗತಿಗೆ ಬರೋಣ. ಆ ಪ್ರಶ್ನೆಯನ್ನು ಕೇಳಿದ ಹುಡುಗಿ ಕಡಲನ್ನು ಕಂಡವಳಲ್ಲ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಹತ್ತಿ ಬಿಡಿಸುವುದಕ್ಕೂ ಮೆಣಸಿನಕಾಯಿ ಬಿಡಿಸುವುದಕ್ಕೂ ಗುಂಟೂರಿನ ಕಡೆಗೆ ಹೋಗುತ್ತವೆ. ಅಂಥ ಕುಟುಂಬ ಅವಳದು. ನಾವು ಬರೆದ ಏಣಿಯಲ್ಲಿ ಅವಳು ಮೀನುಗಳನ್ನು ಮಾತ್ರ ಕಂಡಳೆಂದು ನಮಗೆ ಈಗ ತೋರುವುದಿಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ನಿಂತು ಎಲ್ಲರಿಗೂ ಉಣ್ಣಲಿಕ್ಕುವವರನ್ನು ಅವಳು ಮನೆಯಲ್ಲಿಯೇ ಕಂಡಿದ್ದಾಳೆ. ಕಡಲಿಗೂ ನಮಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ಉಂಟು. ಕಡಲಿನಲ್ಲಿ ಕಳೆದುಹೋದ ಒಂಬತ್ತು ಪಾಲು ಯಾರ ಗಂಟಿನಲ್ಲಿಯೂ ಇಲ್ಲ. ಅದು ಉಸಿರಾಗಿ ಕಾವಾಗಿ ಹೋಯಿತು, ಅದನ್ನು ಮರಳಿ ಕೇಳುವಂತಿಲ್ಲ. ಮನುಷ್ಯರ ಏಣಿಯಲ್ಲಿ ದುಡಿದವನ ಕೈಯಿಂದ ಕಳೆದುಹೋದ ಪಾಲು ಯಾವುದೋ ಮೆಟ್ಟಿಲಿನಲ್ಲಿ ಯಾರದೋ ಗಂಟಿನಲ್ಲಿರುತ್ತದೆ. ಅದನ್ನು ಪ್ರಕೃತಿಯ ನಿಯಮವೆಂದು ಹೇಳಿ ತೃಪ್ತರಾಗುವುದಕ್ಕೆ ನಮಗೆ ಹಕ್ಕಿಲ್ಲ.

ಆ ವರ್ಷ ದೀಪಾವಳಿಯ ಅನಂತರ ಹಿಂದಿನ ಸಾಲಿನ ಆ ಸ್ಥಳ ಬರಿದಾಯಿತು. ಅವಳಿಗೆ ಕೊಡಬೇಕಾಗಿದ್ದ ಉತ್ತರ ನಮ್ಮಲ್ಲಿಯೇ ಉಳಿಯಿತು. ಈಗ ಆ ಪಾಠ ಬಂದಾಗ ನಾವು ಏಣಿಯನ್ನು ಬರೆಯುವುದಿಲ್ಲ. ಒಂದು ಮರವನ್ನು ಬರೆದು, ಡಯಾಟಮ್ ಅನ್ನು ಬೇರಿನಲ್ಲಿಯೂ ಮನುಷ್ಯನನ್ನು ತುದಿಯ ಒಂದು ಎಲೆಯಲ್ಲಿಯೂ ಗುರುತಿಸುತ್ತೇವೆ. ಇದರಿಂದ ಲೋಕ ಬದಲಾಗುವುದೆಂಬ ಭ್ರಮೆ ನಮಗಿಲ್ಲ. ಬೇರೂ ಕೆಳಗೇ ಇರುವುದೆಂದು ನಾಳೆ ಮತ್ತೊಂದು ಮಗು ಕೇಳಿದರೆ ಅದಕ್ಕೂ ಉತ್ತರ ಹುಡುಕಬೇಕಾದೀತು. ಆದರೆ ಕೆಳಗಿರುವುದೆಂದರೆ ಕೀಳಾಗಿರುವುದಲ್ಲ ಎಂಬಷ್ಟನ್ನಾದರೂ ಆ ಮಗು ತಿಳಿದು ಹೊರಡಲಿ ಎಂಬುದು ನಮ್ಮ ಆಸೆ. ಸಹೋದ್ಯೋಗಿಗಳಾದ ಉಪಾಧ್ಯಾಯರು ತಮ್ಮ ತರಗತಿಗಳಲ್ಲಿ ಈ ಪಾಠವನ್ನು ಹೇಗೆ ಬರೆಯುತ್ತಾರೆಂಬುದನ್ನು ತಿಳಿಸಿದರೆ ನಾವು ಉಪಕೃತರಾಗುವೆವು.